ಮೀನಖಂಡ ನೋಡಿ ಆರಿಸಿದ ಫಾರ್ವರ್ಡ್

ಆಟಗಾರನನ್ನು ಅಳೆಯಲು ಆಟ ನೋಡಬೇಕೆಂದಿಲ್ಲ, ಅವನ ಮೀನಖಂಡ ನೋಡಿದರೆ ಸಾಕು! ಎಪ್ಪತ್ತೊಂಬತ್ತನೇ ಇಸವಿಯ ತನಕ ಇದು ನನ್ನ ಅಚಲ ಸಿದ್ಧಾಂತ. ಬೆಳ್ಳಾರೆಯ ಮೈದಾನದ ಬದಿಯಲ್ಲಿ ಕೊಡೆ ಊರಿ ನಿಂತು, ಯಾರು ಶೂರ, ಯಾರು ಸೋಮಾರಿ ಎಂದು ಚೆಂಡು ಉರುಳುವ ಮೊದಲೇ ತೀರ್ಪು ಕೊಡುತ್ತಿದ್ದೆ. ತೀರ್ಪು ತಪ್ಪಿದರೆ ಅದು ಮೈದಾನದ ದೋಷ!

ಆ ವರ್ಷ ಫುಟ್‌ಬಾಲ್ ಫೈನಲಿನಲ್ಲಿ ನಮಗೆ ಎದುರಾಳಿ ಅರಂತೋಡು. ಫೈನಲಿಗೆ ಹೊರಗಿನಿಂದ ಒಬ್ಬ ಆಟಗಾರನನ್ನು ಕರೆಸುವುದು ಪದ್ಧತಿ. ನಮ್ಮ ಕಪ್ತಾನ ಗುರುವಪ್ಪ ಮಂಗಳೂರಿನ ಫಾರ್ವರ್ಡ್ ಒಬ್ಬನನ್ನು ಯಾರ ಮೂಲಕವೋ ಗೊತ್ತುಮಾಡಿದ್ದ. ಮುಖ ಮಾತ್ರ ಯಾರೂ ಕಂಡಿರಲಿಲ್ಲ.

“ಮಧ್ಯಾಹ್ನದ ಬಸ್ಸಿಗೆ ಬರ್ತಾನೆ ಮಾಸ್ಟ್ರೇ. ನಿಮ್ಮ ಮನೆ ಕೇಳಿಕೊಂಡು ಹೋಗ್ಲಿಕ್ಕೆ ಹೇಳಿದ್ದೇನೆ.”

“ಮನೆ ಯಾಕೆ? ನಾನೇ ಬಸ್ಸಿನ ಹತ್ತಿರ ನಿಲ್ತೇನೆ. ನೂರು ಜನರಲ್ಲಿ ಗುರುತು ಹಿಡೀತೇನೆ!”

ಹೊರಡುವಾಗ ಹೆಂಡತಿ ಕುಮುದಿನಿ ಬಾಗಿಲಿಗೆ ಅಡ್ಡ ನಿಂತಳು. “ನಮ್ಮ ಕಮಲಾವತಿಯನ್ನು ನೋಡ್ಲಿಕ್ಕೆ ಇವತ್ತು ದರ್ಬೆಯ ಹುಡುಗ ಬರುದು, ನೆನಪುಂಟಾ?”

ಕಮಲಾವತಿ ಅವಳ ಅಣ್ಣನ ಮಗಳು, ನಮ್ಮ ಮನೆಯಲ್ಲೇ ಇದ್ದವಳು. ಹಿಂದಿನ ಸಂಬಂಧಗಳೆಲ್ಲ ಕೈತಪ್ಪಿದ್ದವು. ಈ ಸಲ ಹುಡುಗನೊಬ್ಬನೇ ಮೊದಲು ಬಂದು ನೋಡಲಿ, ಹಿರಿಯರು ಆಮೇಲೆ ಎಂದು ಮಾತಾಗಿತ್ತು.

“ಅವನು ಸಂಜೆಗಲ್ಲವಾ? ಅಷ್ಟರಲ್ಲಿ ಕಪ್ ಗೆದ್ದು ಹಿಡ್ಕೊಂಡು ಬರ್ತೇನೆ!”

“ಈ ಸಂಬಂಧವೂ ತಪ್ಪಿದ್ರೆ ಆ ಮೈದಾನದಲ್ಲೇ ಬಿಡಾರ ಮಾಡಿ!”

ಬಸ್ಸು ಬಂತು. ಇಬ್ಬರು ತರುಣರು ಇಳಿದರು. ಒಬ್ಬ ಕಡ್ಡಿಯಂಥವನು, ಬೆಲ್‌ಬಾಟಮ್ ಪ್ಯಾಂಟು, ಭುಜದವರೆಗೆ ಕೂದಲು. ಇನ್ನೊಬ್ಬ ಮುಂಡು ಎತ್ತಿ ಕಟ್ಟಿದ್ದ. ಅದರ ಕೆಳಗೆ, ಆಹಾ! ಮೀನಖಂಡಗಳೇ ಅವು? ಸುಲಿದ ತೆಂಗಿನಕಾಯಿಗಳು! ಹಾರಿ ಅವನ ಕೈ ಹಿಡಿದೆ.

“ಮಾಸ್ಟ್ರ ಮನೆ...” ಎಂದು ಅವನು ತೊದಲಿದ.

“ನಾನೇ ಮಾಸ್ಟ್ರು! ಮೊದಲು ಮೈದಾನ, ಆಮೇಲೆ ಮನೆ!”

ಮೈದಾನದಲ್ಲಿ ಆಟದ ಚಡ್ಡಿ ಕೊಟ್ಟಾಗ ಅವನ ಮುಖ ಬಿಳಿಚಿತು. “ಇದು... ಹಾಕಲೇಬೇಕಾ?”

“ಮತ್ತೆ? ನಿಮ್ಮನ್ನು ನೋಡ್ಲಿಕ್ಕೆ ಊರೇ ಬಂದು ಕೂತಿದೆ!”

ಆಟ ಶುರುವಾಯಿತು. ಚೆಂಡು ಪೂರ್ವಕ್ಕೆ ಹೋದರೆ ನಮ್ಮ ಫಾರ್ವರ್ಡ್ ಪಶ್ಚಿಮಕ್ಕೆ! ಸಿಕ್ಕಿದವರೆಲ್ಲ ಅವನ ಕಾಲಿಗೆ ಒದ್ದರು. ಅವನು ಪ್ರತಿ ಸಲವೂ ಎದ್ದು, ನನ್ನ ಕಡೆ ನೋಡಿ ವಿನಯದಿಂದ ನಕ್ಕು, ಮತ್ತೆ ಓಡಿದ.

“ಎಂತ ಮಾಸ್ಟ್ರೇ ಇದು?” ಗುರುವಪ್ಪ ಕಿರುಚಿದ.

“ತಂತ್ರ ಮಾರಾಯ! ಎದುರಾಳಿಗಳನ್ನು ಮರುಳು ಮಾಡುದು!”

ವಿರಾಮದ ಹೊತ್ತಿಗೆ ಅರಂತೋಡಿನವರ ಗೋಲುಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆವು. ನಾನು ಅವನ ಬಳಿ ಹೋಗಿ, “ಮಂಗಳೂರಿನಲ್ಲೂ ಹೀಗೆಯೇ ಆಡುದಾ?” ಎಂದೆ.

“ಮಂಗಳೂರಾ? ನಾನು ದರ್ಬೆಯ ದೇವದಾಸ. ಹುಡುಗಿ ನೋಡ್ಲಿಕ್ಕೆ ಬಂದದ್ದು. ಸಂಜೆಯ ಬಸ್ಸು ತಪ್ಪಿದ್ರೆ ಅಂತ ಬೇಗ ಹೊರಟೆ.”

ಭೂಮಿ ಬಾಯಿ ಬಿಡಬಾರದೇ! “ಮತ್ತೆ ಯಾಕೆ ಆಡಿದ್ರಿ ಮಾರಾಯ್ರೆ?”

“ನಿಮ್ಮ ಕಡೆಯ ಕ್ರಮ ಹೀಗಿರಬಹುದು ಅಂತ...”

“ಈ ಮೀನಖಂಡ?”

“ಸೈಕಲ್ ತುಳಿದದ್ದು.”

ಕುಂಟುವ ವರನಿಗೆ ಹೆಗಲು ಕೊಟ್ಟು ಮನೆಗೆ ಓಡಿದೆ. ಜಗಲಿಯಲ್ಲಿ ಬೆಲ್‌ಬಾಟಮ್ ರಾಜಗಾಂಭೀರ್ಯದಿಂದ ಪಾಯಸ ಕುಡಿಯುತ್ತಿದ್ದಾನೆ! ಅವನೇ ನಿಜವಾದ ಫಾರ್ವರ್ಡ್ ಚೆನ್ನಕೇಶವ. ಬೇಗ ಬಂದ ವರನೆಂದು ಕುಮುದಿನಿ ಬನ್ಸಿನ ಮೇಲೆ ಬನ್ಸು ಬಡಿಸಿದ್ದಳು. “ಈ ಮೊದಲು ಎಲ್ಲಿಗಾದ್ರೂ ಹೋಗಿದ್ರಾ?” ಎಂದು ನಯವಾಗಿ ಕೇಳಿದ್ದಕ್ಕೆ ಅವನು, “ಈ ವರ್ಷ ಎಂಟು ಕಡೆ ಹೋದೆ ಅಕ್ಕ, ಎಲ್ಲ ಕಡೆಯೂ ಗೆದ್ದೇ ಬಂದದ್ದು!” ಎಂದನಂತೆ. ಕಮಲಾವತಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು!

“ಏಳಪ್ಪಾ, ಅರ್ಧ ಆಟ ಉಂಟು!” ಎಂದು ಅವನಲ್ಲಿ ಅಂಗಲಾಚಿದೆ. ಬನ್ಸು ಅವನನ್ನು ಏಳಲು ಬಿಡಲಿಲ್ಲ.

ನಿಜ ತಿಳಿದು ಕುಮುದಿನಿ ಹಣೆ ಹಣೆ ಚಚ್ಚಿಕೊಂಡಳು. “ಕಾಲು ನೋಡಿ ಆರಿಸಿದ್ರಲ್ಲಾ, ಈಗ ಆ ಕಾಲಿಗೆ ನೀವೇ ಎಣ್ಣೆ ತಿಕ್ಕಿ!”

ದೇವದಾಸ ಬೇಡಬೇಡವೆಂದರೂ ಬಿಡದೆ, ಊದಿದ ಆ ಮಹಾನ್ ಮೀನಖಂಡಗಳಿಗೆ ಬಿಸಿ ಎಣ್ಣೆ ತಿಕ್ಕುತ್ತಾ ಕುಳಿತೆ. ಈ ಸಂಬಂಧವೂ ಹೋಯಿತು ಎಂದುಕೊಳ್ಳುವಾಗ ಚಿಲಕ ಸರಿಯಿತು. ಕಮಲಾವತಿ ಬಾಗಿಲಲ್ಲೇ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಬಾರದ ಆಟವನ್ನು ಯಾಕೆ ಆಡಿದ್ರಿ?”

“ಹಿರಿಯರು ಹೇಳಿದ್ರಲ್ಲ... ಆಗುದಿಲ್ಲ ಅನ್ನುದು ಹೇಗೆ?”

ಅವಳು ಕುಮುದಿನಿಯ ಕಡೆ ತಿರುಗಿ ಫೈನಲಿನ ತೀರ್ಪು ಕೊಟ್ಟಳು. “ಅತ್ತೆ, ನನಗೆ ಒಪ್ಪಿಗೆ. ಮಾವ ಹೇಳಿದ್ರು ಅಂತ ಇಷ್ಟು ಒದೆ ತಿಂದವರು, ನಾನು ಹೇಳಿದ್ದನ್ನು ಕೇಳದೆ ಇರ್ತಾರಾ?”