ಮೇಷ್ಟ್ರ ಕೊಳದಲ್ಲಿ ಕ್ಲೋರಿನ್ ಸೊನ್ನೆ

ಹೊಸ ಮನೆಗೆ ಬಂದ ಒಂಬತ್ತನೇ ದಿನ, ಒಂದು ಬುಧವಾರ, ಹಿತ್ತಲಿನ ಈಜುಕೊಳದ ನೀರು ಹಸಿರಾಯಿತು. ಅದೂ ಎಂಥ ಹಸಿರು! ದಾರಿ ತಪ್ಪಿದ ಹಸುವೊಂದು ಆ ಕಡೆ ಬಂದಿದ್ದರೆ ಮೇಯಲು ಇಳಿದುಬಿಡುತ್ತಿತ್ತು. ಕೆಮಿಸ್ಟ್ರಿ ಮೇಷ್ಟ್ರು ಪೈಜಾಮವನ್ನು ಮೊಣಕಾಲಿಗೆ ಮಡಚಿಕೊಂಡು, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟ ಹುಡುಗನನ್ನು ನೋಡುವಂತೆ ಆ ನೀರನ್ನು ನೋಡುತ್ತ ನಿಂತರು.

ಶಾಲೆಯಲ್ಲಿ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಲಿಟ್ಮಸ್. ಸಿಟ್ಟು ಬಂದರೆ ಕೆಂಪು, ಹೆಡ್‌ಮಾಸ್ಟರು ಬಂದರೆ ನೀಲಿ. ಇಪ್ಪತ್ತೆರಡು ವರ್ಷ ಆಮ್ಲ, ಪ್ರತ್ಯಾಮ್ಲ ಎಂದು ಬೋರ್ಡಿನ ಮೇಲೆ ಬರೆದವರು. ಅದಕ್ಕೇ, ಮನೆ ಮಾರಿದವನು ಕೀಲಿ ಕೈಗಿಡುತ್ತ, "ಪ್ರತಿ ಮಂಗಳವಾರ ಒಬ್ಬ ಬಂದು ನೀರು ನೋಡ್ಕೊಂಡ್ ಹೋಗ್ತಾನೆ, ಅವನನ್ನೇ ಇಟ್ಕೊಳ್ಳಿ ಸಾರ್," ಎಂದಾಗ ಮೇಷ್ಟ್ರಿಗೆ ನಗು ತಡೆಯಲಾಗಿರಲಿಲ್ಲ. "ಮೀನಿಗೆ ಈಜು ಹೇಳಿಕೊಡೋಕೆ ಮೇಷ್ಟ್ರು ಬೇಕೇನ್ರೀ?" ಎಂದಿದ್ದರು. (ಆ ಮೀನು ಈಗ ದಡದಲ್ಲಿ ಬಾಯಿ ಬಿಡುತ್ತಿತ್ತು.)

ಕೊಳದ ಮನೆ ಅವರ ಹಂಬಲವೇನಲ್ಲ. ಅತ್ತೆಗೆ ಮೊಣಕಾಲಿನ ಕೀಲು ಬದಲಾಯಿಸಿದ್ದರು. ದಿನಾ ಅರ್ಧ ಗಂಟೆ ಎದೆಮಟ್ಟದ ನೀರಿನಲ್ಲಿ ನಡೆದರೇ ಆ ಕಾಲು ಮಾತು ಕೇಳುವುದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಊರೆಲ್ಲ ಅಲೆದು ಈ ಹಳೆಯ ಮನೆಯನ್ನು ಹುಡುಕಿದ್ದು ಆ ಒಂದು ಕಾಲಿಗಾಗಿ. ಬರುವ ಭಾನುವಾರ ಅತ್ತೆ ಬರುವವರಿದ್ದರು. ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿದ್ದ ಹೆಂಗಸು. ಸರ್ಜನ್ನರೇ ಅವರಿಗೆ ಉಗುರು ತೋರಿಸಿ ಒಳಗೆ ಹೋಗುತ್ತಿದ್ದರಂತೆ. ಮೇಷ್ಟ್ರಂತೂ ಮದುವೆಯ ದಿನದಿಂದ ಅವರೆದುರು ಬೆರಳು ಮಡಚಿಕೊಂಡೇ ಕೂರುತ್ತಿದ್ದರು. ಒಮ್ಮೆಯಾದರೂ ಆ ಬಾಯಿಂದ "ಭೇಷ್" ಅನ್ನಿಸಿಕೊಳ್ಳಬೇಕು ಎನ್ನುವುದು ಅವರ ಹತ್ತೊಂಬತ್ತು ವರ್ಷದ ತಪಸ್ಸು.

ಮನೆ ಮಾರಿದವನು ಪಂಪಿನ ಕೋಣೆಯಲ್ಲಿ ಕ್ಲೋರಿನ್, ಆಮ್ಲಗಳ ಕ್ಯಾನುಗಳನ್ನೂ ಒಂದು ಪರೀಕ್ಷೆಯ ಪೆಟ್ಟಿಗೆಯನ್ನೂ ಬಿಟ್ಟುಹೋಗಿದ್ದ. ಪೆಟ್ಟಿಗೆಯಲ್ಲಿ ಎರಡು ಗಾಜಿನ ಕೊಳವೆ, ಎರಡು ಪುಟ್ಟ ಬಾಟಲಿ, ಬಣ್ಣದ ಪಟ್ಟಿ. ಕೊಳದ ನೀರಿಗೆ ಮೊದಲ ಬಾಟಲಿಯ ಹನಿ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಎಷ್ಟು ಗುಲಾಬಿಯೋ ಅಷ್ಟು ಕ್ಲೋರಿನ್. ಎರಡನೆಯದರ ಹನಿ ಹಳದಿಯಿಂದ ಕೆಂಪಿನವರೆಗೆ ತಿರುಗಿ ಆಮ್ಲದ ಲೆಕ್ಕ ಹೇಳುತ್ತದೆ: ಹಳದಿಯಾದರೆ ಆಮ್ಲ ಹೆಚ್ಚು, ಕೆಂಪಾದರೆ ಕಡಿಮೆ. ಮೇಷ್ಟ್ರು ಶಾಸ್ತ್ರೋಕ್ತವಾಗಿ ಹನಿ ಹಾಕಿದರು. ಗುಲಾಬಿ ಬರಲಿಲ್ಲ.

"ಕ್ಲೋರಿನ್ ಸೊನ್ನೆ!" ಎಂದು ಘೋಷಿಸಿ ಅರ್ಧ ಕ್ಯಾನ್ ಸುರಿದರು. ಸಂಜೆ ನೋಡಿದರೆ ನಾಚಿಕೆಯಷ್ಟು ಗುಲಾಬಿ. ಇಷ್ಟಕ್ಕೆ ಭಾನುವಾರದೊಳಗೆ ಕೆಲಸ ಆಗುವುದಿಲ್ಲ ಅನ್ನಿಸಿತು. ಗುರುವಾರ ಶಾಲೆಗೆ ಹೊರಡುವ ಮುಂಚೆ ಎರಡು ಕ್ಯಾನ್ ಸುರಿದರು. ಸಂಜೆ ಬಂದು ಹನಿ ಹಾಕಿದರು. ಮತ್ತೆ ಸೊನ್ನೆ. ಅದರ ಮೇಲೆ, ಎರಡನೇ ಕೊಳವೆಯ ನೀರು ಪಟ್ಟಿಯಲ್ಲೇ ಇಲ್ಲದ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಾಗಾದರೆ ಆಮ್ಲ ಸಾಲದು ಎಂದು ಪಂಪು ಹಾಕಿ, ಕೊಳದ ಇನ್ನೊಂದು ಮೂಲೆಯಿಂದ ಅದನ್ನೂ ಬಿಟ್ಟರು.

"ಹಾಕಿದ್ದೆಲ್ಲ ಎಲ್ಲಿಗ್ ಹೋಯ್ತು ಅಂತೀನಿ!"

"ನಿಮ್ಮ ಪಾಠದ ಥರ ಇರಬೇಕು," ಎಂದಳು ಹೆಂಡತಿ, ಒಣಗಿದ ಬಟ್ಟೆ ಮಡಚುತ್ತ. "ಈ ಕಿವೀಲಿ ಬಂತು, ಆ ಕಿವೀಲಿ ಹೋಯ್ತು. ರೀ, ಆ ಮಂಗಳವಾರದವನಿಗೆ ಒಂದು ಫೋನ್ ಮಾಡ್ಲಾ?"

"ಮಾಡು. ಮಾಡಿ, ನನ್ನ ಎಮ್ಮೆಸ್ಸಿ ಸರ್ಟಿಫಿಕೇಟನ್ನೂ ತಂದು ಇದರಲ್ಲೇ ಮುಳುಗಿಸಿಬಿಡು."

"ಬೇಡಪ್ಪ, ಆಮೇಲೆ ನೀರು ಇನ್ಯಾವ ಬಣ್ಣಕ್ಕೆ ತಿರುಗುತ್ತೋ!"

ಶುಕ್ರವಾರ ಬೆಳಿಗ್ಗೆ ನೀರು ಹಾಲಿನಂತೆ ಬೆಳ್ಳಗಿತ್ತು. ಕ್ಲೋರಿನ್ ಸೊನ್ನೆ. ಮತ್ತೊಂದು ಕ್ಯಾನ್. ಅಂದು ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದುನಿಂತು, "ಶುದ್ಧ ನೀರಿನ ಪಿಎಚ್ ಏಳು ಸಾರ್," ಎಂದಳು. "ಪುಣ್ಯವಂತೆ, ಕೂತ್ಕೋ ತಾಯಿ," ಎಂದು ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಆಟದ ಬಯಲಿನ ನಲ್ಲಿಯ ಕೆಳಗೆ ಒಂದು ಗುಂಡಿಯಲ್ಲಿ ನೀರು ನಿಂತಿತ್ತು. ಯಾರೂ ಓದಿಸದೆ, ಯಾರೂ ತಿದ್ದದೆ, ಅದೇ ತಿಳಿಯಾಗಿ ನಿಂತಿತ್ತು.

ಶನಿವಾರ ಒಂದು ಪವಾಡವಾಯಿತು. ಕೊಳ ತಳ ಕಾಣುವಷ್ಟು ಸ್ವಚ್ಛವಾಗಿ, ಪತ್ರಿಕೆಯ ಚಿತ್ರದಂತೆ ಹೊಳೆಯಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಮಾತ್ರ ಹನಿ ಹಾಕಿದರು. ಸೊನ್ನೆ.

"ಚೆನ್ನಾಗಿದೆಯಲ್ಲ, ಬಿಡಿ ಇನ್ನ," ಎಂದಳು ಹೆಂಡತಿ.

"ನೋಡೋಕೆ ಚೆನ್ನಾಗಿರೋರನ್ನೆಲ್ಲ ನಂಬೋಕಾಗುತ್ತೇನೇ?"

"ಅದು ನಂಗೂ ಮದುವೆ ಆದ್ಮೇಲೇ ಗೊತ್ತಾಗಿದ್ದು."

ಮೇಷ್ಟ್ರು ದಡದಲ್ಲಿ ಕುಸಿದು ಕೂತರು. ಕೊಳದ ಜೊತೆ ಮೊದಲು ವಾದಿಸಿದರು, ಆಮೇಲೆ ಬೇಡಿಕೊಂಡರು. ಒಂದೇ ಒಂದು ಚೂರು ಗುಲಾಬಿ ತೋರಿಸಪ್ಪ, ನಾಳೆ ಒಂದು ದಿನ ನನ್ನ ಮಾನ ಉಳಿಸು. ಕೊಳ ಮಿಸುಕಲಿಲ್ಲ. ಉಳಿದಿದ್ದ ಕೊನೆಯ ಕ್ಯಾನನ್ನೂ ಅದಕ್ಕೆ ಸಮರ್ಪಿಸಿ, ಸೋತ ಸೇನಾಧಿಪತಿಯಂತೆ ಒಳಗೆ ಬಂದರು.

ಭಾನುವಾರ ಅತ್ತೆ ಬಂದರು. ಕೋಲೂರುತ್ತ ಹಿತ್ತಲಿಗೆ ನಡೆದವರು ಕೊಳಕ್ಕೆ ಹತ್ತು ಹೆಜ್ಜೆ ಇರುವಾಗಲೇ ನಿಂತು ಮೂಗರಳಿಸಿದರು.

"ಅಳಿಯಂದ್ರೇ, ಇಲ್ಲಿ ಯಾರಿಗಾದ್ರೂ ಆಪರೇಷನ್ ಮಾಡಿದ್ರಾ?"

"ಇಲ್ಲ ಅತ್ತೆ... ಯಾಕೆ?"

"ಕ್ಲೋರಿನ್ ವಾಸನೆ ಕಣ್ಣಿಗೆ ಹೊಡೀತಿದೆ."

"ಸಾಧ್ಯವೇ ಇಲ್ಲ!" ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಅತ್ತೆಗೆ ಎದುರು ಮಾತಾಡಿದರು. ಓಡಿಹೋಗಿ ಪೆಟ್ಟಿಗೆ ತಂದು, ಅವರ ಕಣ್ಣೆದುರೇ ಹನಿ ಹಾಕಿ, ಕೊಳವೆಯನ್ನು ಬೆಳಕಿಗೆ ಹಿಡಿದರು. "ನೋಡಿ. ಚೂರೂ ಗುಲಾಬಿ ಇಲ್ಲ. ಸೊನ್ನೆ. ವಿಜ್ಞಾನ ಸುಳ್ಳು ಹೇಳಲ್ಲ ಅತ್ತೆ."

"ನಿಮ್ಮ ಕರ್ಚೀಫ್ ಕೊಡಿ," ಎಂದರು ಅತ್ತೆ. ಮೇಷ್ಟ್ರ ಕಡುನೀಲಿ ಕರ್ಚೀಫನ್ನು ಕೋಲಿನ ತುದಿಗೆ ಕಟ್ಟಿ ನೀರಿಗಿಳಿಸಿ, ರೋಗಿಯ ನಾಡಿ ಹಿಡಿದವರಂತೆ ಕೈಗಡಿಯಾರ ನೋಡುತ್ತ ನಿಂತರು. ಐದು ನಿಮಿಷಕ್ಕೆ ಮೇಲೆತ್ತಿದರು. ಕಡುನೀಲಿ ಕರ್ಚೀಫು ನೆಲ ಒರೆಸುವ ಹಳೇ ಬಟ್ಟೆಯಂತೆ ಬಿಳಿಚಿಕೊಂಡಿತ್ತು.

"ಕರ್ಚೀಫಿನ ಬಣ್ಣಾನೇ ತಿಂದಿರೋದು, ನಿಮ್ಮ ಒಂದು ಹನಿ ಬಣ್ಣ ಬಿಡುತ್ತಾ ಅಳಿಯಂದ್ರೇ?"

ಮೇಷ್ಟ್ರ ಮುಖ ಕೆಂಪೂ ಆಗಲಿಲ್ಲ, ನೀಲಿಯೂ ಆಗಲಿಲ್ಲ; ಕರ್ಚೀಫಿನ ಬಣ್ಣಕ್ಕೇ ಬಂತು. ಕ್ಲೋರಿನ್ ಬಣ್ಣ ಕಳೆಯುತ್ತದೆ, ಉದಾಹರಣೆ ಕೊಡಿ, ಎರಡು ಅಂಕ. ಇಪ್ಪತ್ತೆರಡು ವರ್ಷ ಅವರೇ ಕೇಳಿದ ಪ್ರಶ್ನೆ! ಗುರುವಾರದಿಂದಲೇ ಕ್ಲೋರಿನ್ ವಿಪರೀತವಾಗಿ, ಗುಲಾಬಿ ಹುಟ್ಟುವ ಮುಂಚೆಯೇ ಅದನ್ನು ನುಂಗುತ್ತಿತ್ತು. ನೇರಳೆ ಬಣ್ಣವೂ ಅದರದೇ ಕಿತಾಪತಿ. ಕ್ಯಾನು ಸುರಿದು ಸುರಿದು ಇವರ ಮೂಗಿಗೆ ಆ ವಾಸನೆಯೂ ಒಗ್ಗಿಹೋಗಿತ್ತು. ಇವರು ಇಲ್ಲ, ಇಲ್ಲ ಅಂತ ಸುರಿದಷ್ಟೂ ಅದು ಇಲ್ಲ, ಇಲ್ಲ ಅನ್ನುತ್ತಿತ್ತು.

"ಇದಕ್ಕೇನು ಔಷಧಿ ಅತ್ತೆ?" ಎಂದರು ಕ್ಷೀಣ ದನಿಯಲ್ಲಿ.

"ಬಿಸಿಲು. ಬಿಸಿಲಿಗೆ ತಾನಾಗೇ ಇಳಿಯುತ್ತೆ. ಅಲ್ಲೀವರೆಗೂ ನೀವು ಒಳಗಿರಿ."

ಪಂಪಿನ ಕೋಣೆಯ ಕೀಲಿಕೈ ಅತ್ತೆಯ ಪರ್ಸಿಗೆ ಸೇರಿತು. ಕೊಳದ ಬಳಿ ವಿಸಿಟರ್ಸಿಗೆ ಪ್ರವೇಶವಿಲ್ಲ ಎಂದಾಯಿತು. ವಿಸಿಟರ್ ಅಂತ ಇದ್ದವರು ಮೇಷ್ಟ್ರೊಬ್ಬರೇ. ಪ್ರತಿ ಬೆಳಿಗ್ಗೆ ಅಮ್ಮ ಮಗಳು ನೀರು ತುಂಬಿ, ಹನಿ ಹಾಕಿ, ತಲೆಗೆ ತಲೆ ಕೊಟ್ಟು ನೋಡುವುದನ್ನು ಅವರು ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡುತ್ತಿದ್ದರು. ಐದನೇ ದಿನ ಕೊಳವೆಯಲ್ಲಿ ಗಾಢ ಗುಲಾಬಿ ಮೂಡಿತು. ಏಳನೇ ದಿನ ಅದು ಪಟ್ಟಿಯಲ್ಲಿದ್ದ ಗುಲಾಬಿಗೇ ಇಳಿಯಿತು. ಮೇಷ್ಟ್ರು ಬಿಟ್ಟಿದ್ದ ಆಮ್ಲವನ್ನು ಇಳಿಸಲು ಹೆಂಡತಿ ಎರಡು ಸೌಟು ಸೋಡಾಪುಡಿ ಹಾಕಿ, ಒಂದು ದಿನ ಕಾದು, ಇನ್ನೊಂದು ಸೌಟು ಹಾಕಿದಳು. ಅಷ್ಟೇ. ಎರಡನೇ ಕೊಳವೆಯೂ ಸರಿಹೋಯಿತು.

ಮರುದಿನ ಅತ್ತೆ ನೀರಿಗಿಳಿದರು. ಕೋಲು ದಡದಲ್ಲೇ ಉಳಿಯಿತು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ವಾರ್ಡಿನ ಸುತ್ತು ಹೊಡೆದಂತೆ ನೆಟ್ಟಗೆ ನಡೆದರು. ಕಿಟಕಿಯ ಹಿಂದೆ ಮೇಷ್ಟ್ರ ಕಣ್ಣು ಒದ್ದೆಯಾಯಿತು. ಸಂತೋಷಕ್ಕೋ, ಅವಮಾನಕ್ಕೋ ಅವರಿಗೇ ತಿಳಿಯಲಿಲ್ಲ.

ಆಗ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದರು. "ಎಷ್ಟ್ ಚೆನ್ನಾಗಿದೆ ಅಮ್ಮ ನೀರು! ಕನ್ನಡಿ ಥರ! ನಿಮ್ಮಳಿಯ ಕೆಮಿಸ್ಟ್ರಿ ಮೇಷ್ಟ್ರಂತೆ, ಅಲ್ವಾ? ಏನ್ ಹಾಕ್ತಾರೆ ಇದಕ್ಕೆ?"

ಮೇಷ್ಟ್ರು ಕಿಟಕಿಗೆ ಕಿವಿ ಹಚ್ಚಿದರು. ಅತ್ತೆ ಆ ತುದಿ ಮುಟ್ಟಿ, ತಿರುಗಿ, ನಿಧಾನಕ್ಕೆ ಹೇಳಿದರು:

"ಮೊದಮೊದಲು ಎಲ್ಲಾ ಹಾಕ್ತಿದ್ರು ಕಣಮ್ಮ. ಈಗ ಪಾಪ, ಕೈ ಹಾಕೋದನ್ನೂ ಬಿಟ್ಟಿದ್ದಾರೆ. ಅದಕ್ಕೇ ಹಿಂಗಿದೆ."