ಹದಿನಾಲ್ಕು ಕೀಲಿನ ಶೂರರು

ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಹುಚ್ಚು ಹಿಡಿಯಬೇಕು ಎಂಬುದಕ್ಕೆ ನಮ್ಮ ಕಡೆ ಒಂದು ಕಾಯಿದೆ ಇದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಹತ್ತರೊಳಗೆ ಗೋಲಿ, ಇಪ್ಪತ್ತರೊಳಗೆ ನಾಟಕ, ಮೂವತ್ತು ದಾಟಿದರೆ ಎಲೆ-ಅಡಿಕೆ, ಐವತ್ತಾದ ಮೇಲೆ ಭಜನೆ. ಈ ಸರದಿ ತಪ್ಪಿಸಿದವನನ್ನು ಜನ ಕ್ಷಮಿಸುವುದಿಲ್ಲ. ನಾನು ತಪ್ಪಿಸಿದೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಎರಡು ಹೆಣ್ಣುಮಕ್ಕಳ ತಂದೆಯಾಗಿ, ಸೊಲ್ಲಾಪುರದ ಪೇಟೆಯಲ್ಲಿ ಚಾದರದ ಅಂಗಡಿಯ ಗಾದಿಯ ಮೇಲೆ ಕೂತು ನಾನು ಗೊಂಬೆ ಕೂಡಿಸತೊಡಗಿದೆ. ಅವೂ ಎಂಥ ಗೊಂಬೆಗಳು! ಬೆರಳಿಗಿಂತ ತುಸು ಉದ್ದದ, ಮುಖವಾಡ ಹಾಕಿಕೊಂಡ, ಬೆನ್ನಿಗೆ ಬಟ್ಟೆ ಹಾರಿಸಿಕೊಂಡ ವಿಲಾಯತಿ ಶೂರರು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಶಾಂತಾಳ ತಮ್ಮ ಬಸವರಾಜ. ಅವನು ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ಬರುವಾಗ ಯಾವುದೋ ಬಂದರಿನಿಂದ ಏನಾದರೂ ತರುತ್ತಿದ್ದ. ಎಪ್ಪತ್ತೇಳನೇ ಇಸವಿಯೋ ಎಪ್ಪತ್ತೆಂಟೋ ಇರಬೇಕು, ಆ ಸಲ ನನ್ನ ಮಕ್ಕಳಿಗೆಂದು ಇಂಥ ಒಬ್ಬ ಶೂರನನ್ನು ತಂದ. ದೊಡ್ಡ ಮಗಳು ನೀಲಾ ಅವನನ್ನು ತಿರುಗಿಸಿ ನೋಡಿ, "ಮಾಮಾ, ಇದಕ್ಕ ಜಡಿ ಹಾಕಾಕ ಕೂದಲಾನ ಇಲ್ಲಲ್ಲಾ" ಎಂದು ತೂಗುಮಣೆಯ ಮೇಲೆ ಎಸೆದು ಹೋದಳು. ಎತ್ತಿಡೋಣವೆಂದು ನಾನು ಕೈಗೆ ತೆಗೆದುಕೊಂಡೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವನ ಕುತ್ತಿಗೆ ಹೊರಳುತ್ತಿತ್ತು, ಸೊಂಟ ತಿರುಗುತ್ತಿತ್ತು. ಭುಜ, ಮೊಣಕೈ, ಮಣಿಕಟ್ಟು, ತೊಡೆಯ ಬುಡ, ಮೊಣಕಾಲು, ಪಾದ ಎಲ್ಲದಕ್ಕೂ ಕೀಲು. ಎಣಿಸಿದರೆ ಹದಿನಾಲ್ಕು. ಬಗ್ಗಿಸಿದಂತೆ ಬಗ್ಗುತ್ತಿದ್ದ, ನಿಲ್ಲಿಸಿದಲ್ಲಿ ನಿಲ್ಲುತ್ತಿದ್ದ. ನಮ್ಮ ಮನೆಯಲ್ಲಿ ನನ್ನ ಮಾತು ಕೇಳಿದ ಮೊದಲ ವ್ಯಕ್ತಿ ಅವನೇ.

ಆಮೇಲೆ ನೂಲು, ಬಣ್ಣದ ಖರೀದಿಗೆ ಮುಂಬಯಿಗೆ ಹೋದಾಗಲೆಲ್ಲ ನನ್ನ ಕಾಲು ತಾನಾಗಿ ಬಂದರಿನ ಕಡೆಯ ಒಂದು ಫುಟ್‌ಪಾತಿಗೆ ಹೊರಳುತ್ತಿತ್ತು. ಹಡಗಿನವರು ಮಾರಿಹೋದ ಪರದೇಶಿ ಸಾಮಾನನ್ನು ಅಲ್ಲಿ ಹರವಿಕೊಂಡು ಕೂಡುತ್ತಿದ್ದರು. ವರ್ಷ ತುಂಬುವುದರೊಳಗೆ ನನ್ನ ಬಿಸ್ಕೀಟಿನ ಡಬ್ಬಿಯಲ್ಲಿ ಎಂಟು ಜನ ಸೇರಿದ್ದರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಚಾದರದ ಗಂಟುಗಳನ್ನು ಬೆಟ್ಟವೆಂದು ಹತ್ತುತ್ತಿದ್ದರು, ಅಳತೆಯ ಗಜಕ್ಕೆ ಜೋತುಬೀಳುತ್ತಿದ್ದರು. ಒಮ್ಮೆ ಮರಾಠಿ ಗಿರಾಕಿಯೊಬ್ಬ ಒಳಗೆ ಬಂದವನೇ ಕಣ್ಣರಳಿಸಿ, "ಹೇ ಕಾಯ, ಶೇಟ್?" ಎಂದು, ಇದೇನೆಂದು ಕೇಳಿದ. ನಾನು ಗಂಭೀರವಾಗಿ "ಸ್ಯಾಂಪಲ್" ಎಂದೆ. ಏತರ ಸ್ಯಾಂಪಲ್ ಎಂದು ಪಾಪ ಅವನು ಕೇಳಲಿಲ್ಲ. ಅವರಲ್ಲೊಬ್ಬನ ಬೆನ್ನಬಟ್ಟೆ ಕಳೆದಿತ್ತು. ಅಂಗಡಿಯವನ ಅಭಿಮಾನಕ್ಕೆ ಕೆಂಪು ಚಾದರದ ತುಂಡೊಂದನ್ನು ಕತ್ತರಿಸಿ ಕರಿದಾರದಿಂದ ಅವನ ಕುತ್ತಿಗೆಗೆ ಕಟ್ಟಿದೆ. ನಮ್ಮ ಸೊಲ್ಲಾಪುರದ ಚಾದರದ ಭಾರವನ್ನು ಮನುಷ್ಯರೇ ತಡೆಯುವುದು ಕಷ್ಟ. ನಿಲ್ಲಿಸಿದಾಗಲೆಲ್ಲ ಅವನು ಬೆನ್ನಡಿಯಾಗಿ ಬೀಳುತ್ತಿದ್ದ. ಕೊನೆಗೆ ಬೋರಲು ಮಲಗಿಸಿ, ಹಾರುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಯಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಡಬ್ಬಿಯನ್ನು ಸಂಜೆ ಧೋತರದಲ್ಲಿ ಸುತ್ತಿ ತಂದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಶಾಂತಾ ಸಿಟ್ಟಾಗುತ್ತಾಳೆ ಎಂಬ ಹೆದರಿಕೆಯಲ್ಲ. ಅವಳು ನಗುತ್ತಾಳೆ. ಸಿಟ್ಟು ಮನೆಯೊಳಗೇ ಉಳಿಯುತ್ತದೆ, ನಗು ಓಣಿಯ ತುದಿವರೆಗೆ ಹೋಗಿಬರುತ್ತದೆ.

ಆ ವರ್ಷ ಗಣಪತಿ ಹಬ್ಬ ಮುಗಿದ ವಾರದಲ್ಲಿ ಅಕ್ಕಲಕೋಟೆಯಲ್ಲಿ ಅಣ್ಣನ ಮನೆಯಲ್ಲಿದ್ದ ನಮ್ಮ ಅವ್ವನಿಗೆ ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು, ಬಲಗೈ ಮಾತ್ರ ಬರಲಿಲ್ಲ. ನಲವತ್ತು ವರ್ಷ ಕಾಗದದಂಥ ಜೋಳದ ರೊಟ್ಟಿ ಬಡಿದ ಕೈ ಅದು. ಡಾಕ್ಟರರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಚುಕಬೇಕು, ಇಲ್ಲದಿದ್ದರೆ ಕೈ ಹೀಗೇ ನಿಂತುಬಿಡುತ್ತದೆ ಎಂದರು. ಅವ್ವ ಆ ಚೆಂಡನ್ನು ಎಡಗೈಯಿಂದ ಅಂಗಳಕ್ಕೆ ಎಸೆದಳು. "ನಾ ಏನ ಸಣ್ಣ ಹುಡುಗೇನು, ಚೆಂಡ ಆಡಾಕ? ಓಣಿ ಮಂದಿ ನಕ್ಕಾರು!" ಆಮೇಲೆ ಬಲಗೈಯನ್ನು ಸೆರಗಿನೊಳಗೆ ಅಡಗಿಸಿಟ್ಟವಳು ಯಾರ ಕಣ್ಣಿಗೂ ಬೀಳಗೊಡಲಿಲ್ಲ. ಅಡುಗೆಮನೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ನಾನು ಪ್ರತಿ ಸೋಮವಾರ ಹೋಗಿ ಎದುರು ಕೂತು, "ಆರಾಮ ಆಗತೈತಿ ಬಿಡವ್ವಾ" ಅನ್ನುವುದು, ಅವಳು "ನೀ ಡಾಕ್ಟರ ಯಾವಾಗ ಆದಿ?" ಅನ್ನುವುದು, ಇಷ್ಟೇ ನಡೆಯುತ್ತಿತ್ತು. ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರುತ್ತಿತ್ತು.

ದೀಪಾವಳಿಗೆ ನಾಲ್ಕು ದಿನ ಮೊದಲು ಶಾಂತಾ ಅಟ್ಟ ಸ್ವಚ್ಛ ಮಾಡಲು ಹತ್ತಿದಳು. ಆ ವಾರವೇ ನಾನು ಒಂಬತ್ತನೆಯ ಶೂರನನ್ನು ತಂದಿದ್ದೆ. ಹಬ್ಬದ ಗಿರಾಕಿ ಹೆಚ್ಚೆಂದು ಡಬ್ಬಿಯನ್ನು ಅಂಗಡಿಗೆ ಒಯ್ದಿರಲಿಲ್ಲ. ಅದು ಎಂಟಕ್ಕೇ ತುಂಬಿತ್ತು. ಹಾಗಾಗಿ ಎಲ್ಲರ ಕೈಕಾಲುಗಳನ್ನು ಹಿಂದಕ್ಕೆ ತಿರುವಿ, ಕತ್ತು ಹೊರಳಿಸಿ ತುರುಕಿದ್ದೆ. ಮುಚ್ಚಳ ತೆಗೆದ ಶಾಂತಾಳಿಗೆ ಕಂಡದ್ದು ಮುಖ ಮುಚ್ಚಿದ, ಕೈಕಾಲು ತಿರುಚಿದ ಒಂಬತ್ತು ಗೊಂಬೆ. ಅದರಲ್ಲೂ ಒಂದರ ಕುತ್ತಿಗೆಗೆ ಕರಿದಾರ, ಕೆಂಪು ಬಟ್ಟೆ. ಮನೆಯಲ್ಲಿ ನೋಡಿದರೆ ಹಿರಿಯಳ ಕೈ ಬಿದ್ದುಹೋಗಿದೆ. ಇನ್ನೇನು ಬೇಕು? ಅವಳು ಡಬ್ಬಿಯನ್ನು ಇಕ್ಕಳದಿಂದ ಎತ್ತಿ ಚೀಲಕ್ಕೆ ಹಾಕಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ಊಟಕ್ಕೆ ಬಂದಾಗ ನೀಲಾ ಬಾಗಿಲಲ್ಲೇ ಹೇಳಿದಳು: "ಅಪ್ಪಾ, ಅವ್ವ ಅಕ್ಕಲಕೋಟಿಗೆ ಹೋಗ್ಯಾಳ. ನಮ್ಮ ಅಟ್ಟದ ಮ್ಯಾಲ ಯಾರೋ ಕರಣಿ-ಮಾಟ ಮಾಡಿ ಇಟ್ಟಾರಂತ, ಗೊಂಬಿ ಸಿಕ್ಕಾವಂತ. ಅದಕ್ಕ ಆಯಿ ಕೈ ಹೋಗೇತಂತ."

ಊಟ ಬಿಟ್ಟು ಮುಂದಿನ ಬಸ್ಸು ಹಿಡಿದೆ. ವಳಸಂಗದಲ್ಲಿ ಬಸ್ಸು ನಿಂತು ಮೇಲಕ್ಕೆ ಹೂಕೋಸಿನ ಬುಟ್ಟಿಗಳನ್ನು ಏರಿಸಿಕೊಳ್ಳುತ್ತಿದ್ದಷ್ಟೂ ಹೊತ್ತು ನನ್ನ ಜೀವ ಬಾಯಿಗೆ ಬಂದಿತ್ತು. ನಗೆಪಾಟಲಾಗುವ ಭಯ ಎಂದೋ ಇಳಿದುಹೋಗಿತ್ತು. ನನ್ನ ಭಯ ಬೇರೆ. ಇದು ಕರಣಿ ಎಂದು ಅವ್ವ ನಂಬಿಬಿಟ್ಟರೆ ಆ ಕೈಯ ಆಸೆಯನ್ನು ಪೂರ್ತಿ ಬಿಟ್ಟುಬಿಡುತ್ತಾಳೆ. ಪಕ್ಕದಲ್ಲಿ ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆಂದು ತೆಂಗಿನಕಾಯಿ ಹಿಡಿದು ಕೂತಿದ್ದ ಮುದುಕರೊಬ್ಬರು ನನ್ನ ಮುಖ ನೋಡಿ, "ದರ್ಶನಕ್ಕ ಹೊಂಟೀರೇನ್ರಿ?" ಎಂದರು. "ಹೌದ್ರಿ, ಹೆಂಡ್ತಿ ದರ್ಶನಕ್ಕ" ಎಂದೆ. ಅವರು ಮರುಕದಿಂದ ತಲೆಯಾಡಿಸಿದರು.

ಅಣ್ಣನ ಮನೆ ಮುಟ್ಟಿದಾಗ ಪಡಸಾಲೆಯ ನಡುವೆ ಡಬ್ಬಿ ತೆರೆದಿತ್ತು. ಒಂದು ಕಡೆ ಅವ್ವ, ಒಂದು ಕಡೆ ಶಾಂತಾ, ಅಡುಗೆಮನೆಯ ಬಾಗಿಲಲ್ಲಿ ಚಹಾಕ್ಕೆ ಇಟ್ಟು ಬಂದ ಅಣ್ಣನ ಹೆಂಡತಿ, ನಮ್ಮ ವೈನಿ. ಅವ್ವ ಬಾಗಿ ನೋಡುತ್ತಿದ್ದಳು.

"ಅತ್ತೀ, ಕೈ ಹಚ್ಚಬ್ಯಾಡ್ರಿ!" ಎಂದು ಶಾಂತಾ ಕೂಗಿದಳು.

"ಅವು ನನ್ನವು" ಎಂದೆ ನಾನು, ಚಪ್ಪಲಿ ಬಿಡದೆ.

"ಏನ ನಿನ್ನವು?" ಎಂದಳು ಅವ್ವ.

"ಗೊಂಬಿ. ಕರಣಿ ಅಲ್ಲ, ಏನಲ್ಲ. ನಾನಽ ಮುಂಬೈಲಿಂದ ತಂದೀನಿ. ಆಡಾಕ."

"ಯಾರು ಆಡಾಕ?" ಎಂದಳು ಶಾಂತಾ.

"ನಾನು."

ಶಾಂತಾ ಕಂಬ ಹಿಡಿದು ಕೂತಳು. "ಮುಂಜಾನಿಂದ ಒಂದ ಗುಟುಕ ನೀರ ಕುಡದಿಲ್ರಿ ನಾ!" ಎಂದು ಬೈಯಲು ಶುರುಮಾಡಿದವಳು ನಡುವೆಯೇ ನಗತೊಡಗಿದಳು. ವೈನಿಯೂ ಸೇರಿಕೊಂಡರು. ಅವ್ವ ಮಾತ್ರ ನಗಲಿಲ್ಲ. ಚಾದರದ ಬಟ್ಟೆಯವನನ್ನು ಎಡಗೈಯಲ್ಲಿ ಎತ್ತಿಕೊಂಡು, "ಮಾರಿ ಮುಚ್ಚಿಕೊಂಡು ಚಡ್ಡಿ ಹೊರಗ ತೋರಸ್ಯಾನಲ್ಲೋ ಇಂವಾ" ಎಂದಳು. ಆಮೇಲೆ ಹತ್ತಿರ ಹಿಡಿದು ನೋಡಿ, "ಇವನ ಕೈ ಯಾರು ಹಿಂಗ ಹಿಂದ ತಿರುವ್ಯಾರ?"

"ಡಬ್ಬ್ಯಾಗ ಹಿಡೀಲಿಲ್ಲವ್ವಾ, ಅದಕ್ಕ ನಾನಽ..."

"ಕಟುಕ."

ಒಂದೇ ಕೈಯಲ್ಲಿ ನೆಟ್ಟಗೆ ಮಾಡಲು ನೋಡಿದಳು. ಗೊಂಬೆ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಆಗ ಸೆರಗಿನೊಳಗಿಂದ ಬಲಗೈ ಹೊರಗೆ ಬಂತು. ತಾನದನ್ನು ಅಡಗಿಸಿಟ್ಟಿದ್ದೇನೆ ಎಂಬುದು ಅವಳಿಗೇ ಮರೆತಂತಿತ್ತು. ಹೆಬ್ಬೆರಳು, ತೋರುಬೆರಳು ನಡುಗುತ್ತ ಆ ಪುಟ್ಟ ಮೊಣಕೈಯನ್ನು ಹಿಡಿದವು. ನಾನು ನೆರವಿಗೆ ಬಾಗಿದೆ. ಶಾಂತಾ ಕೂತಲ್ಲಿಂದಲೇ ನನ್ನ ಕಾಲು ಹಿಡಿದು ಜಗ್ಗಿದಳು. ಒಳಗೆ ಚಹಾ ಉಕ್ಕಿ ಒಲೆ ಆರಿತು. ಯಾರೂ ಅತ್ತ ಹೋಗಲಿಲ್ಲ. ಕೊನೆಗೆ ಕಟಕ್ಕೆಂದು ಸದ್ದಾಯಿತು, ಕೈ ಮುಂದಕ್ಕೆ ಬಂತು. "ಹಾಂ" ಎಂದ ಅವ್ವ ಇನ್ನೊಂದು ಕೈಯ ಕಡೆ ನೋಡಿದಳು.

ಡಬ್ಬಿ ಅಲ್ಲೇ ಉಳಿಯಿತು. ತನ್ನ ಕೈಗಾಗಿ ಚೆಂಡು ಹಿಚುಕಲು ಒಲ್ಲೆನೆಂದವಳಿಗೆ ಇನ್ನೊಬ್ಬರ ಸೊಟ್ಟ ಕೈಯನ್ನು ನೋಡಿ ಸುಮ್ಮನಿರುವುದು ಆಗಲಿಲ್ಲ. ನಾನೂ ಒಂದು ಉಪಾಯ ಮಾಡಿದೆ. ಪ್ರತಿ ಸೋಮವಾರ ಹೊರಡುವ ಮುಂಚೆ, ಅವಳು ಹಿತ್ತಲಿಗೆ ಹೋದ ಹೊತ್ತು ನೋಡಿ, ಒಂಬತ್ತೂ ಜನರ ಕೀಲುಗಳನ್ನೆಲ್ಲ ತಿರುಚಿ ಬರುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಒಂದು ತಿಂಗಳಾದ ಮೇಲೆ ಅವ್ವ ಹೇಳಿದಳು: "ಗುರ್ಯಾ, ಈ ಹುಡುಗರಿಗೆ ಸೋಮವಾರಕ್ಕೊಮ್ಮೆ ಲಕ್ವ ಹೊಡೀತೈತೋ. ನೀ ಬಂದು ಹೋದ ಮ್ಯಾಲೆ." ನಾನು ತಲೆ ತಗ್ಗಿಸಿದೆ. "ಇರಲಿ, ಮುಂದಿನ ವಾರ ಮೊಣಕಾಲು ಸ್ವಲ್ಪ ಬಿಗೀ ತಿರುವು, ಅವು ಲಗೂ ಬಿಚ್ಚತಾವ" ಎಂದಳು.

ಸಂಕ್ರಾಂತಿಯ ಮುನ್ನಾದಿನ, ಭೋಗಿಗೆ, ನಾವೆಲ್ಲ ಅಕ್ಕಲಕೋಟೆಗೆ ಹೋದೆವು. ಅವ್ವ ಹೊಸ್ತಿಲು ದಾಟಿ ಒಲೆಯ ಮುಂದೆ ಕೂತು, ಎಳ್ಳು ಹಚ್ಚಿದ ಒಂದೇ ಒಂದು ಸಜ್ಜೆರೊಟ್ಟಿ ಬಡಿದಳು. ಅಂಚು ಒಡೆದಿತ್ತು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಕಲು. ಕಿರುಬೆರಳೂ ಅದರ ಪಕ್ಕದ್ದೂ ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಆ ರೊಟ್ಟಿಯನ್ನು ಅಣ್ಣನ ಇಬ್ಬರು ಮಕ್ಕಳೂ ಸೇರಿ ಒಂಬತ್ತು ಜನ ಹಂಚಿಕೊಂಡು ತಿಂದೆವು. ಅಣ್ಣ ತನ್ನ ಪಾಲನ್ನು ಅಗಿಯುತ್ತ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಊಟವಾದ ಮೇಲೆ ಧೈರ್ಯ ಮಾಡಿ, ನಾಲ್ಕಾದರೂ ಗೊಂಬೆ ವಾಪಸು ಕೇಳೋಣವೆಂದು ಅವ್ವನ ಖೋಲಿಗೆ ಹೋಗಿ ಗೋಡೆಗೊರಗಿ ಕೂತೆ. ಗೋಡೆಯ ಗೂಡಿನಲ್ಲಿ ಒಂಬತ್ತೂ ಜನ ಕೆಲಸದಲ್ಲಿದ್ದರು. ಒಬ್ಬ ರೊಟ್ಟಿ ಬಡಿಯುತ್ತಿದ್ದ, ಒಬ್ಬ ನೀರು ಸೇದುತ್ತಿದ್ದ, ಒಬ್ಬ ಬಗ್ಗಿ ಕಸ ಗುಡಿಸುತ್ತಿದ್ದ. ಮೂಲೆಯಲ್ಲೊಬ್ಬ ಮಾತ್ರ ಎರಡೂ ಕೈ ತಲೆಯ ಹಿಂದೆ ಕೊಟ್ಟು, ಕಾಲ ಮೇಲೆ ಕಾಲು ಹಾಕಿ ಗೋಡೆಗೊರಗಿ ಬಿದ್ದುಕೊಂಡಿದ್ದ.

"ಇಂವಾ ಯಾರವ್ವಾ?"

"ನಮ್ಮ ಮನಿ ಮಂದೀನ್ನೆಲ್ಲಾ ಮಾಡೀನಿ. ನೀನಽ ಗುರ್ತ ಹಿಡಿ."

"ಅಯ್ಯ, ಥೇಟ್ ಇವರಽ!" ಎಂದು ಶಾಂತಾ ಬಾಗಿಲಿನಿಂದ ಕೂಗಿದಳು. ನಾನು ಎಂದೂ ಹಾಗೆ ಕೂಡುವುದಿಲ್ಲ ಎಂದು ವಾದಿಸಿದೆ. ಬಾಗಿಲಲ್ಲಿ ಬಂದು ಸೇರಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಿಕೊಂಡರೆ ನನ್ನ ಎರಡೂ ಕೈ ತಲೆಯ ಹಿಂದಿದ್ದವು, ಕಾಲ ಮೇಲೆ ಕಾಲಿತ್ತು. ಗಡಬಡಿಸಿ ಏಳಹೋದರೆ ಒಂದು ಕಾಲು ಜೋಮು ಹಿಡಿದು ಕುಸಿದೆ. ಮನೆಯವರೆಲ್ಲ ನಗುತ್ತಿರುವಾಗ ಅವ್ವ ಎದ್ದು ಬಂದು ಬಲಗೈ ಚಾಚಿ, "ಹಿಡಿ, ಏಳು" ಎಂದಳು. ಹಿಡಿದುಕೊಂಡು ಎದ್ದೆ. ಹೆಂಡತಿ ಮಕ್ಕಳೆದುರಿಗೆ ತಾಯಿಯಿಂದ ಎಬ್ಬಿಸಿಕೊಂಡ ನಲವತ್ತರ ಗಂಡಸಿಗೆ ನಾಚಿಕೆಯಾಗಬೇಕಿತ್ತು. ನನಗೋ, ಇನ್ನೊಮ್ಮೆ ಬೀಳೋಣ ಅನಿಸಿತು.