ಮಂಗಳವಾರದ ಬೆಂಕಿ

ಇಲ್ಲದ ಬೆಂಕಿಯನ್ನು ವಾರಕ್ಕೊಮ್ಮೆ ತಪ್ಪದೆ ಆರಿಸುತ್ತಿದ್ದ ಮನುಷ್ಯರು ಕಡಬದ ಸುತ್ತಮುತ್ತ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವನೇ ಆಗಿರಬೇಕೇ!

ಐವತ್ತರ ದಶಕದ ಕೊನೆ ಇರಬೇಕು. ಅರುವತ್ತು ದಾಟಿತ್ತೋ ಏನೋ; ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ಅಷ್ಟಾಗಿ ನಂಬಬೇಡಿ. ಮಾವನಿಗೆ ರಬ್ಬರ್ ತೋಟವಿತ್ತು, ತೋಟದ ನಡುವೆ ಒಂದು ಹೊಗೆಮನೆ. ರಬ್ಬರ್ ಹಾಲನ್ನು ಗಟ್ಟಿ ಮಾಡಿ ಒತ್ತಿದ ಶೀಟುಗಳನ್ನು ಅಲ್ಲಿ ಬಿದಿರಿನ ಮೇಲೆ ತೂಗುಹಾಕಿ, ಒಲೆಯ ಹೊಗೆಯಲ್ಲಿ ಒಣಗಿಸುತ್ತಿದ್ದರು. ಸುಳ್ಯದ ಕಡೆ ಇಂಥದೇ ಹೊಗೆಮನೆಯೊಂದು ಸುಟ್ಟುಹೋದದ್ದನ್ನು ಮಾವ ನೋಡಿ ಬಂದಿದ್ದರು. ಅಲ್ಲಿ ಒಳಗಿದ್ದವನೊಬ್ಬ ಹೊರಗೆ ಬಂದಿರಲಿಲ್ಲ.

ಮರುವಾರವೇ ಪುತ್ತೂರಿನ ಗ್ಯಾರೇಜಿನಿಂದ ಲಾರಿ ಚಕ್ರದ ಹಳೆಯ ರಿಮ್ಮೊಂದು ಬಸ್ಸಿನ ತಲೆಯ ಮೇಲೆ ಕುಳಿತು ಬಂತು, ಅಂಗಳದ ಹಲಸಿನ ಮರಕ್ಕೆ ನೇತುಬಿತ್ತು. ಪ್ರತಿ ಮಂಗಳವಾರ ಮಾವ ಅದನ್ನು ಢಣಢಣ ಬಡಿಯುವುದು, ಹದಿನಾಲ್ಕು ಮಂದಿ ಕೆಲಸದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮರದಡಿ ಸಾಲು ನಿಲ್ಲುವುದು, ಮಾವ ತಲೆ ಎಣಿಸಿ "ಹದಿನಾಲ್ಕು! ಸರಿ" ಎನ್ನುವುದು. ಹೊರಗೆ ಬಂದವರು ಮತ್ತೆ ಒಳಗೆ ಕಾಲಿಡಬಾರದು, ಅದು ಕಟ್ಟಾಜ್ಞೆ. ಆಮೇಲೆ ಬಾವಿಯಿಂದ ಬಕೆಟ್ಟುಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಆ ನೀರನ್ನು ಎಲ್ಲಿಗೆ ಹೊಯ್ಯುವುದು? ಬೆಂಕಿಯೇ ಇಲ್ಲವಲ್ಲ! ಬಸಳೆ ಚಪ್ಪರದ ಬುಡಕ್ಕೆ. ಅಷ್ಟು ಸೊಂಪಾದ ಬಸಳೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ.

"ಧಣಿಗಳೇ, ಸೋಸುವ ಮೊದಲೇ ಹಾಲು ಗಟ್ಟಿಯಾಗ್ತದೆ" ಎಂದು ದೇವಕಿಯಕ್ಕ ಗೊಣಗುತ್ತಿದ್ದಳು. ಹಾಲು ಸೋಸುವ ಕೆಲಸ ಅವಳದು.

"ನೀನು ಸೋಸಿ ಮುಗಿಸುವವರೆಗೆ ಬೆಂಕಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕ್ತದಾ?"

ನಾನಾಗ ಮದರಾಸಿನಲ್ಲಿ ಓದಿ ಬಂದವನು, ಎಲ್ಲದಕ್ಕೂ ತಕರಾರು. "ಮಾವ, ಹೊಗೆಮನೆಯಲ್ಲಿ ಹೊಗೆ ದಿನಾ ಇರುತ್ತದೆ. ಬೆಂಕಿ ಬಿದ್ದದ್ದು ಗೊತ್ತಾಗುವುದು ಹೇಗೆ?"

"ಹೊಗೆ ಬಿಳಿ ಇದ್ರೆ ರಬ್ಬರ್ ಒಣಗುದು. ಕಪ್ಪಾದ್ರೆ ರಬ್ಬರ್ ಉರಿಯುದು. ಮದರಾಸಿನಲ್ಲಿ ಬಣ್ಣ ಕಲಿಸುದಿಲ್ವಾ ಮಾರಾಯ?"

ಮಾವನ ಮಗಳನ್ನು ನೋಡಲು ಕಾಣಿಯೂರಿನಿಂದ ಗಂಡಿನ ಕಡೆಯವರು ಬಂದದ್ದೂ ಒಂದು ಮಂಗಳವಾರವೇ! ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ರಿಮ್ಮು ಮೊಳಗಿತು. ಬೀಗರಾಗಬೇಕಾದವರು ಜರಿ ಶಾಲು ಹೊದ್ದುಕೊಂಡೇ ಬಕೆಟ್ ದಾಟಿಸಿದರು. ಅತ್ತೆ ತಲೆ ಚಚ್ಚಿಕೊಂಡರೆ ಮಾವ ಹೇಳಿದ್ದು: "ಒಂದು ತೊಟ್ಟು ಚೆಲ್ಲಲಿಲ್ಲ. ಒಳ್ಳೆಯ ಸಂಬಂಧ!" ಮದುವೆ ಆಯಿತು. ಶಾಲಿಗೆ ಜರಿ ಇತ್ತೋ ಇಲ್ಲವೋ, ಅದೊಂದು ಅನುಮಾನ.

ಕೊನೆಗೆ ದೇವಕಿಯಕ್ಕ ನನ್ನನ್ನೇ ಹಿಡಿದಳು. "ಸುಳ್ಳು ಬೆಂಕಿಗೆ ಓಡಿ ಓಡಿ ನನ್ನ ಮೊಣಗಂಟು ನಿಜವಾಗಿ ಉರೀತಾ ಉಂಟು. ಓದಿದವರು ನೀವು, ಒಂದು ಮಾತು ಹೇಳಿ."

ಹೇಳಿದೆ. ವಾರವಾರ ಸುಳ್ಳಿಗೆ ಓಡಿದವರು ನಿಜದ ದಿನ ಓಡುವುದಿಲ್ಲ ಎಂದು ತರ್ಕಬದ್ಧವಾಗಿ ವಾದಿಸಿದೆ.

ಮಾವ ನಗಲಿಲ್ಲ. "ಆ ದಿನ ಯೋಚನೆ ಮಾಡಿದವ ಒಳಗೇ ಉಳೀತಾನೆ. ಕಾಲು ತಾನಾಗಿ ಹೊರಗೆ ಬರ್ಬೇಕು. ಶೀಟು ಹೋಗ್ಲಿ, ಮೇಲಿನ ಮಾಡು ಹೋಗ್ಲಿ, ಒಬ್ಬ ಸಹ ಒಳಗೆ ಉಳೀಬಾರ್ದು."

ಬೆಂಕಿ ಬಂತು. ಮಂಗಳವಾರ ಬರಬೇಕೆಂಬ ಶಿಸ್ತು ಅದಕ್ಕೆಲ್ಲಿಯದು? ಗುರುವಾರ ಬಂತು. ರಿಮ್ಮು ಬಡಿದಾಗ "ಧಣಿಗಳಿಗೆ ವಾರ ತಪ್ಪಿತು" ಎಂದು ನಗುತ್ತಲೇ ಎಲ್ಲರೂ ಹೊರಬಂದು, ಸಾಲು ನಿಂತ ಮೇಲೆಯೇ ಕಪ್ಪು ಹೊಗೆ ಕಂಡದ್ದು! ಒಲೆ ನೋಡಿಕೊಳ್ಳುವ ಐತಪ್ಪ ಮಾತ್ರ ಕಾಣಲಿಲ್ಲ. ಮಾವ ರಿಮ್ಮು ಬಿಟ್ಟು ಒಳಗೆ ನುಗ್ಗಿದರು. ಐತಪ್ಪ ಕಟ್ಟಿಗೆ ತರಲು ಹೋಗಿದ್ದವನು, ಅತ್ತ ಹಿತ್ತಲಿನಿಂದ ಓಡಿಬಂದು ಸಾಲು ಸೇರಿದ.

ಎಣಿಸಬೇಕಾದವರು ಇಲ್ಲ. ದೇವಕಿಯಕ್ಕನೇ ಎಣಿಸಿದಳು.

"ಹದಿನಾಲ್ಕು. ಸರಿ ಉಂಟು." ಒಂದು ಗಳಿಗೆ ಬಿಟ್ಟು ಚೀರಿದಳು, "ಎಂತ ಸರಿ! ಧಣಿಗಳೆಲ್ಲಿ?"

ಇಷ್ಟು ಮಂಗಳವಾರ ಕಳೆದರೂ ಮಾವ ತಮ್ಮ ತಲೆಯನ್ನು ಒಮ್ಮೆಯೂ ಎಣಿಸಿರಲಿಲ್ಲ.

ಒದ್ದೆ ಗೋಣಿ ಹೊದ್ದು ದೇವಕಿಯಕ್ಕ ನುಗ್ಗಿದಳು, ಹಿಂದೆ ಐತಪ್ಪ. ಇಬ್ಬರೂ ಸೇರಿ ಮಾವನನ್ನು ಎಳೆದು ತಂದರು. ಕೆಮ್ಮಿನ ನಡುವೆ ಮಾವ ಕೇಳಿದ್ದು, "ಐತಪ್ಪ?"

"ಇಲ್ಲೇ ಇದ್ದೇನೆ ಧಣಿಗಳೇ. ನಿಮ್ಮ ಕಾಲು ಹಿಡ್ಕೊಂಡವ ನಾನೇ."

"ಹೊರಗೆ ಬಂದವರು ಒಳಗೆ ಹೋಗ್ಬಾರ್ದು ಅಂತ ಹೇಳಿರ್ಲಿಲ್ವಾ, ದೇವಕಿ?"

"ಹೇಳಿದವರೇ ಹೋದ್ರಲ್ಲ!"

ಮುಂದಿನ ಮಂಗಳವಾರ, ಸೂರು ಸುಟ್ಟುಹೋದ ಹೊಗೆಮನೆಯ ಎದುರು, ಬಟ್ಟೆ ಸುತ್ತಿದ ಕೈಯಲ್ಲೇ ಮಾವ ರಿಮ್ಮು ಬಡಿದರು. ಯಾರೂ ಗೊಣಗಲಿಲ್ಲ.

"ಹದಿನಾಲ್ಕು! ಸ..."

"ಹದಿನೈದು" ಎಂದಳು ದೇವಕಿಯಕ್ಕ, ಪಕ್ಕಕ್ಕೆ ಸರಿದು ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

ಮಾವ ರಿಮ್ಮು ಬಡಿಯುವ ಕೋಲನ್ನು ಕೆಳಗಿಟ್ಟರು. ಆಮೇಲೆ ಹೋಗಿ ಆ ಜಾಗದಲ್ಲಿ ನಿಂತರು. ನಿಂತವರು ಜಗಲಿಯಲ್ಲಿದ್ದ ನನ್ನ ಕಡೆ ತಿರುಗಿ, "ಅಲ್ಲಿ ಕೂತು ಎಂತ ನೋಡುದು ಮಾರಾಯ? ಬಾ" ಎಂದರು.

ನಾನು ಹೋಗಿ ನಿಂತದ್ದು ನೆನಪಿದೆ. ಹಾಗಾದರೆ ಹದಿನಾರು ಆಗಿರಬೇಕು. ಖಂಡಿತವಾಗಿ ಹೇಳಲಾರೆ. ಎಣಿಸುವುದಕ್ಕೆ ಸಾಲಿನ ಹೊರಗೆ ಯಾರೂ ಉಳಿದಿರಲಿಲ್ಲ.